ನೀಲಿ ಹರವಿಯ ಜೀವ

ಮಸ್ಕಿಯ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿ ನೀಲಿ ಗಿಡ ಬೆಳೆಯುತ್ತಿದ್ದಳು. ಹುಣ್ಣು, ಕುರುವಿಗೆ ಅದರ ಸೊಪ್ಪು ಅರೆದು ಕಟ್ಟುವಳು; ಉಳಿದದ್ದೆಲ್ಲ ನೇಕಾರರ ನೂಲಿಗೆ ಬಣ್ಣ. ನೆಲದಲ್ಲಿ ಅರ್ಧ ಹೂತಿದ್ದ ದೊಡ್ಡ ಮಣ್ಣಿನ ಹರವಿಯಲ್ಲಿ ಆ ಬಣ್ಣ ಹುಳಿ ಬರುತ್ತಿತ್ತು. ಹರವಿಗೆ ಜೀವವಿದೆ ಎಂದೇ ಅವಳ ನಂಬಿಕೆ. ಬೆಳಿಗ್ಗೆ ನಾನು ಕೋಲಿನಿಂದ ತಿರುವಬೇಕು, ಅವಳು ನೊರೆ ಮೂಸಿ 'ಜೀವಂತ ಐತಿ' ಅನ್ನಬೇಕು. ಮುಟ್ಟಾದವರು ಹತ್ತಿರ ಸುಳಿದರೆ ಹರವಿ ಸಾಯುತ್ತದೆ, ಆಮೇಲೆ ನೂಲಿಗೆ ಬಣ್ಣ ಹತ್ತುವುದಿಲ್ಲ ಅನ್ನುತ್ತಿದ್ದಳು. ಅವ್ವ ಆ ದಿನಗಳಲ್ಲಿ ಹಿತ್ತಲ ಬಾಗಿಲೇ ದಾಟುತ್ತಿರಲಿಲ್ಲ.

ನಿಜಾಮರ ಆಡಳಿತ ಮುಗಿದು ನಾಲ್ಕಾರು ವರ್ಷವಾಗಿತ್ತು. ಏಳನೆಯ ತರಗತಿಯ ಪರೀಕ್ಷೆಗೆ ಎಂಟು ದಿನ ಇರುವಾಗ ನಾನು ಮೈನೆರೆದೆ. ಯಾರಿಗೂ ಹೇಳಲಿಲ್ಲ. ಅಪ್ಪ ಮೊದಲೇ ಅಂದಿದ್ದ: "ದೊಡ್ಡಾಕಿ ಆದ ದಿನಾನೇ ಸಾಲಿ ಬಂದ್. ಪಾಮನಕಲ್ಲೂರಿನ ಮಾವಗ ಕೊಟ್ಟು ಕೈ ತೊಳಕೊಳ್ತೀನಿ." ಆ ಸೋದರಮಾವನಿಗೆ ಎತ್ತಿನ ಮೇಲಿದ್ದ ಪ್ರೀತಿ ಮನುಷ್ಯರ ಮೇಲಿರಲಿಲ್ಲ. ನನಗೆ ಲಿಂಗಸುಗೂರಿಗೆ ಹೋಗಿ ಪರೀಕ್ಷೆ ಬರೆಯಬೇಕಿತ್ತು.

ಹರವಿ ತಿರುವದೆ ಬಿಟ್ಟರೆ ಗುಟ್ಟು ಹೊರಬೀಳುತ್ತದೆ, ತಿರುವಿದರೆ ಹರವಿ ಸಾಯುತ್ತದೆ. ತಿರುವಿದೆ. ಅವಸರಕ್ಕೆ ಬಣ್ಣ ಬೆರಳಿಗೆ ತುಳುಕಿತು. ಕಳ್ಳನ ಮನಸ್ಸು ಹುಳ್ಳಗೆ. ಅಜ್ಜಿ ಸುಮ್ಮನೆ ನೋಡಿದರೂ ಮುಖ ತಿರುಗಿಸುತ್ತಿದ್ದೆ. ಮೂರು ದಿನವೂ ಅವಳು ಮೂಸಿ, ಜೀವಂತ ಐತಿ ಅಂದಳು. ನನಗೆ ಸಮಾಧಾನವಾಗಲಿಲ್ಲ. ನಾಳೆ ಸತ್ತರೆ?

ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಅಜ್ಜಿ ಹರವಿಯ ಪಕ್ಕ ಕೂತಿದ್ದಳು. ನಾನು ಸಗಣಿ ಕುಳ್ಳಿನ ರಾಶಿಯಲ್ಲಿ ಬಚ್ಚಿಟ್ಟಿದ್ದ ಮುಟ್ಟಿನ ಅರಿವೆ ಅವಳ ಕೈಯಲ್ಲಿತ್ತು. ಒಗೆದರೂ ಕಲೆ ಹೋಗಿರಲಿಲ್ಲ, ಅಂಚಿನಲ್ಲಿ ನೀಲಿ ಬೆರಳ ಗುರುತು ಬೇರೆ. ಆ ಮನೆಯಲ್ಲಿ ನೀಲಿ ಬೆರಳಿನವರು ಇಬ್ಬರೇ, ಅಜ್ಜಿಗೆ ಮುಟ್ಟು ನಿಂತು ಯಾವ ಕಾಲವಾಗಿತ್ತೋ.

"ಎಷ್ಟು ದಿನ ಆತು?"

"ನಾಕು."

"ನಾಕೂ ದಿನ ನೀನ ತಿರುವಿದಿ?"

ಹೌದೆಂದು ತಲೆಯಾಡಿಸಿದೆ. ಒಳಗೆ ಅಪ್ಪ ಕೆಮ್ಮಿದ. ಅಜ್ಜಿ ಅವನನ್ನು ಒಮ್ಮೆ ಕರೆದರೆ ಸಾಕು, ನನ್ನ ಓದು ಮುಗಿಯುತ್ತಿತ್ತು.

ಅವಳು ಬಾಗಿಲ ಕಡೆ ನೋಡಿ, ಹರವಿಯ ಮುಚ್ಚಳ ಸರಿಸಿದಳು. ಅರಿವೆ ಹಿಡಿದ ಕೈ ಹರವಿಯ ಬಾಯಿಯ ಮೇಲೆ ತಡೆದು ನಿಂತಿತು. ಹರವಿ ಸತ್ತೀತೆಂದು ಅವಳಿಗೆ ನನಗಿಂತ ಹೆಚ್ಚು ಭಯ ಎಂದು ಆಗ ತಿಳಿಯಿತು. ಕಣ್ಣು ಮುಚ್ಚಿ ಮುಳುಗಿಸಿದಳು. ತೆಗೆದಾಗ ಹಸಿರಿದ್ದದ್ದು ಗಾಳಿಗೆ ನೀಲಿಯಾಯಿತು. ಮೂರು ಸಲ ಅದ್ದಿದ ಮೇಲೆ ಕಲೆ ಎಲ್ಲಿತ್ತೋ ನನಗೇ ಕಾಣಲಿಲ್ಲ.

"ಒಣಗಿಸ್ಕೊ. ಪರೀಕ್ಷೆ ಮುಗಿಯೋ ಮಟ ತುಟಿ ಬಿಚ್ಚಬ್ಯಾಡ."

"ಆಮ್ಯಾಲ?"

"ಆಮ್ಯಾಲಿಂದು ಆಮ್ಯಾಲ."

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅಜ್ಜಿ ಹರವಿಯ ಮೇಲೆ ಬಗ್ಗಿದ್ದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಕೊನೆಗೆ ಕೋಲನ್ನು ನನ್ನತ್ತ ಚಾಚಿದಳು.

"ಜೀವಂತ ಐತಿ. ಬಾ, ತಿರುವು."

ಲಿಂಗಸುಗೂರಿನ ಪರೀಕ್ಷೆಗೆ ನೀಲಿ ಬೆರಳಿನಲ್ಲೇ ಹೋದೆ.