ಒಂಬತ್ತು ಉಸಿರಿನ ಉಂಡೆ

ಒಂದು ದೊಡ್ಡ ಉಂಡೆಗೆ ಮೂವತ್ತು ಮಾರು ಸೆಣಬಿನ ಹುರಿ ಬೇಕು. ಒಂದು ಲೋಟ ಗೋಂದು, ಒಂದು ಬಲೂನು, ಅದರ ಮೈಗೆ ಸವರಲು ಅರ್ಧ ಚಮಚ ಎಣ್ಣೆ, ಒಂದೂವರೆ ದಿನದ ಬಿಸಿಲು. ಇವೆಲ್ಲದರ ಜೊತೆಗೆ ಗಂಡನ ಒಂಬತ್ತು ಉಸಿರು.

ಬೆಳಗಿನ ಐದೂವರೆ. ಬೀದಿಯವರೆಲ್ಲ ಹುರಿಯಕ್ಕ ಎಂದು ಕರೆಯುವ ಅರವತ್ತೊಂದರ ಈ ಹೆಂಗಸು ಅಡುಗೆಮನೆಯ ನೆಲಕ್ಕೆ ಹಳೆ ಪೇಪರು ಹಾಸಿ ಕುಳಿತಿದ್ದಾರೆ. ಬೋಗುಣಿಯ ಗೋಂದಿನಲ್ಲಿ ಅದ್ದಿದ ಹುರಿಯನ್ನು ಎರಡು ಬೆರಳ ನಡುವೆ ಹಿಂಡಿ, ಮಡಿಲಲ್ಲಿರುವ ಬಲೂನಿಗೆ ಅಡ್ಡಡ್ಡ, ಉದ್ದುದ್ದ ಸುತ್ತುತ್ತಾರೆ. ಮಹಡಿಯ ತಂತಿಗೆ ತೂಗುಹಾಕಿ ಒಣಗಿಸಿ, ಗಂಟಿನ ಪಕ್ಕ ಸೂಜಿ ಚುಚ್ಚಿ ಬಲೂನನ್ನು ಮೆಲ್ಲಗೆ ಹೊರಗೆಳೆದರೆ ಟೊಳ್ಳಾದ, ಗಟ್ಟಿಯಾದ ಬಲೆಯುಂಡೆ ಉಳಿಯುತ್ತದೆ. ಒಳಗೊಂದು ಬಲ್ಬು ಇಟ್ಟರೆ ಗೋಡೆ ತುಂಬ ಅದರ ನೆರಳು.

"ಅವಸರ ಮಾಡಿದ್ರೆ ಕುಸಿದುಬಿಡುತ್ತೆ," ಎನ್ನುತ್ತಾರೆ ಅವರು, ಈ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. "ಮೊದಮೊದ್ಲು ನನ್ನ ಉಂಡೆಗಳೆಲ್ಲ ಮುನಿಸ್ಕೊಂಡ ನಾದಿನಿ ಮುಖದ ಥರ ಇದ್ವು."

ಎದುರಿನ ಸ್ಟೂಲಿನ ಮೇಲೆ ಯಜಮಾನರು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಮಕ್ಕಳಿಗೆ ಸೀಟಿ ತಾತ. ನಿವೃತ್ತಿಯಾದ ಮೇಲೆ ಮೂರು ತಿಂಗಳು ಯಾರೊಂದಿಗೂ ಮಾತಿಲ್ಲದೆ ಗೋಡೆ ನೋಡುತ್ತ ಕೂತಿದ್ದರಂತೆ. ಅದೇ ಹೊತ್ತಿಗೆ ಹೆಂಡತಿ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆಯೂ ಮುಚ್ಚಿತು. ಪಾರ್ಸೆಲ್ಲಿಗೆ ಕಟ್ಟಿ ಬಂದ ಹುರಿಯಿಂದ ಹುರಿಯಕ್ಕ ಮೊದಲ ಉಂಡೆ ಸುತ್ತಿದರು. ಬಲೂನು ಊದಿದ್ದು ಯಜಮಾನರು. ಹದಿನಾಲ್ಕು ವರ್ಷದಿಂದ ದಿನಕ್ಕೆ ಮೂರು ಉಂಡೆ. ಟೇಪು ಹಿಡಿದದ್ದೇ ಇಲ್ಲ. ಐದು ಉಸಿರಿಗೆ ಸಣ್ಣದು, ಏಳಕ್ಕೆ ನಡುವಿನದು, ಒಂಬತ್ತಕ್ಕೆ ದೊಡ್ಡದು.

ಈ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಯಜಮಾನರು ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದವರು ಎಂದಿನಂತೆ ಎಣಿಸಿಯೇ ಊದಿದರು, ಹೆಂಡತಿ ಎಂದಿನಂತೆ ಸುತ್ತಿದರು. ಇಪ್ಪತ್ತನಾಲ್ಕು ದೊಡ್ಡ ಉಂಡೆ ಬೇಕೆಂದಿದ್ದ ದೀಪದಂಗಡಿಯವರು ಮೊದಲ ಆರನ್ನು ಹಳೆಯ ಮಾದರಿಯ ಪಕ್ಕ ಇಟ್ಟು, "ಅಮ್ಮ, ಇವು ನಾಲ್ಕು ಬೆರಳು ಕಮ್ಮಿ ಇವೆಯಲ್ಲ," ಎಂದರು. ಎಣಿಕೆ ಸರಿಯಿತ್ತು. ಉಸಿರೇ ಗಿಡ್ಡವಾಗಿತ್ತು.

ಹನ್ನೆರಡು ಉಸಿರು ಊದುತ್ತೇನೆಂದು ಹೊರಟ ಯಜಮಾನರು ಹತ್ತಕ್ಕೆ ಕೆಮ್ಮಿ ಗೋಡೆ ಹಿಡಿದರು. ನಿಧಾನವಾಗಿ ದಿನಾ ಊದಿ, ಹಟ ಬೇಡ ಎಂದರು ಡಾಕ್ಟರು. ಸೊಸೆ ಒಂದು ಪಂಪು ತಂದಳು. "ಅತ್ತೆ, ನಿಮಿಷಕ್ಕೊಂದು ಆಗುತ್ತೆ. ಮಾವ ಆರಾಮಾಗಿರ್ಲಿ."

"ಒಳ್ಳೇದಾಯ್ತಮ್ಮ, ನಂಗೆ ಎರಡನೇ ಸಲ ರಿಟೈರ್ಮೆಂಟು," ಎಂದು ಮಾವ ನಕ್ಕರು. ಮರುದಿನ ಎಂಟಾದರೂ ಹಾಸಿಗೆ ಬಿಟ್ಟು ಏಳಲಿಲ್ಲ.

ಹುರಿಯಕ್ಕನನ್ನು ಹೆದರಿಸಿದ್ದು ಆ ಎಂಟು ಗಂಟೆ. ಇವತ್ತು ಅವರೇ ಗಂಡನನ್ನು ಎಬ್ಬಿಸಿ ತಂದು ಸ್ಟೂಲಿನ ಮೇಲೆ ಕೂರಿಸಿದ್ದಾರೆ. ಒಂಬತ್ತು ಗಂಟೆಗೆ ದೀಪದಂಗಡಿಯವರು, ಹಳೆಯ ಅಳತೆಗೆ ಮಾಡಿಕೊಡಲು ಆಗುತ್ತದೋ ಇಲ್ಲವೋ ಎಂದು ಕೇಳಲು ಬರುತ್ತಾರೆ. ಪಂಪು ಮೂಲೆಯಲ್ಲಿದೆ.

ಹೇಳಿದ ಹೊತ್ತಿಗೇ ಅವರು ಬರುತ್ತಾರೆ. ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಹುರಿಯಕ್ಕ ಹೇಳುತ್ತಾರೆ: "ದೊಡ್ಡದು ಇನ್ಮೇಲೆ ಇಲ್ಲ ಸ್ವಾಮಿ. ಈ ಅಳತೇದು ಎಷ್ಟು ಬೇಕಾದ್ರೂ ಕೊಡ್ತೀನಿ."

"ಅಲ್ಲಿ ಪಂಪ್ ಇದೆಯಲ್ಲಮ್ಮ?"

"ಅದು ಸೊಸೆ ಸೈಕಲ್ಲಿಂದು."

ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ. ಅವಳಿಗೆ ಸೈಕಲ್ಲೇ ಇಲ್ಲ. ಅಂಗಡಿಯವರು ಕಾಫಿ ಮುಗಿಸಿ, ತಾವು ತಂದಿದ್ದ ಮಾದರಿ ಉಂಡೆ ಎತ್ತಿಕೊಂಡು ಹೊರಡುತ್ತಾರೆ.

"ತಲೆ ಕೆಟ್ಟಿದೆಯೇನೇ ನಿಂಗೆ?" ಯಜಮಾನರು ನಿಜವಾಗಿಯೂ ಸಿಟ್ಟಾಗಿದ್ದಾರೆ. "ಕೈಗೆ ಬಂದ ಗಿರಾಕಿ."

"ಬೆಳಗಾಗೆದ್ದು ಆ ಪಂಪಿನ ಹತ್ರ ನಾನೇನ್ ಮಾತಾಡ್ಲಿ? ಸುಮ್ನೆ ಊದ್ರಿ. ನಿಧಾನ."

ಅವರು ಗೊಣಗುತ್ತಲೇ ಒಂದು ಬಲೂನು ತೆಗೆದುಕೊಳ್ಳುತ್ತಾರೆ.

ಎರಡು ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋಗುತ್ತೇನೆ. ದೀಪದಂಗಡಿಯವರು ತಿರುಗಿ ಬಂದಿಲ್ಲ. ವರ್ಷಕ್ಕೆ ಐನೂರು ಉಂಡೆ ಒಯ್ಯುತ್ತಿದ್ದ ಗಿರಾಕಿ ಅದು. ಸಣ್ಣ ಉಂಡೆಗಳು ದಿನಕ್ಕೆ ಒಂದೋ ಎರಡೋ ಹೋಗುತ್ತವೆ. ಕೆಲಸ ಅರ್ಧಕ್ಕೆ ಇಳಿದಿದೆ. "ನಷ್ಟ ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ ಹುರಿಯಕ್ಕ.

ಹಸಿ ಉಂಡೆಗಳನ್ನು ಈಗ ಯಜಮಾನರೇ ಮಹಡಿಗೆ ಒಯ್ಯುತ್ತಾರೆ. ಹದಿನೆಂಟು ಮೆಟ್ಟಿಲು. ಹೋದ ವಾರದಿಂದ ನಡುವೆ ಎಲ್ಲೂ ನಿಲ್ಲುತ್ತಿಲ್ಲ.