ಪಿಯಾನೋ ಅಮ್ಮನ ಖಾತೆ

ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷ ಆಗಿತ್ತು. ಚಾಮರಾಜಪೇಟೆಯ ಒಂದು ಸಣ್ಣ ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬ್ಯಾಂಕು ಎಂದರೆ ದೊಡ್ಡ ಕಟ್ಟಡವನ್ನು ಊಹಿಸಿಕೊಳ್ಳಬಾರದು. ಯಾರದೋ ಮನೆಯ ಹಜಾರಕ್ಕೆ ಮರದ ಕಟಕಟೆ ಹಾಕಿಸಿ, ಹಿಂದೆ ದೇವರಮನೆಯಾಗಿದ್ದ ಕೋಣೆಯಲ್ಲಿ ತಿಜೋರಿ ಇಟ್ಟಿದ್ದರು. ಮ್ಯಾನೇಜರು, ವಯಸ್ಸಾದ ಕ್ಯಾಷಿಯರು, ನಾನು, ಒಬ್ಬ ಜವಾನ, ಇಷ್ಟೇ ಜನ. ಖಾತೆದಾರರೆಲ್ಲ ತರಗುಪೇಟೆಯ ಮಂಡಿಯವರು, ಸುತ್ತಲಿನ ಮೇಷ್ಟರುಗಳು, ಪಿಂಚಣಿದಾರರು. ಯಾರ ಮನೆಯಲ್ಲಿ ನಾಮಕರಣವಾದರೂ ನಮಗೆ ಕರೆ ಬರುತ್ತಿತ್ತು.

ಒಂದು ಬೆಳಗ್ಗೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಒಬ್ಬ ಬಿಳಿಯ ಹೆಂಗಸು ಒಳಗೆ ಬಂದರು. ಐವತ್ತೈದು ದಾಟಿದ ವಯಸ್ಸು, ಮಾಸಲು ಬಣ್ಣದ ಹತ್ತಿಯ ಫ್ರಾಕು, ಗಂಡಸರ ಬೂಟು, ಹೆಗಲಿಗೆ ಬಡಗಿಗಳು ಹೊರುವಂಥ ಚೀಲ. ದಾರಿ ತಪ್ಪಿ ಬಂದಿರಬೇಕೆಂದು ಜವಾನ ಬಿಳಿಯರ ವಸತಿಯಿದ್ದ ದಂಡಿನ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೈ ತೋರಿಸತೊಡಗಿದ. ಅವರು ಅವನನ್ನು ದಾಟಿ ನೇರವಾಗಿ ಮ್ಯಾನೇಜರ ಮೇಜಿನ ಮುಂದೆ ನಿಂತರು.

"ನೀನೇ ಏನಪ್ಪಾ ಮ್ಯಾನೇಜರ್ರು? ನಂಗೊಂದು ಖಾತೆ ಬೇಕು."

ನಮ್ಮ ಮ್ಯಾನೇಜರು ಮುಚ್ಚುಕೋಟು, ಪೇಟದ ಮನುಷ್ಯ. ಅವರ ತಾಯಿ ತೀರಿಕೊಂಡ ಮೇಲೆ ಅವರನ್ನು ಏಕವಚನದಲ್ಲಿ ಕರೆದವರು ಯಾರೂ ಇರಲಿಲ್ಲ. ಕ್ಯಾಷಿಯರು ಬೀಳದೇ ಇದ್ದ ಯಾವುದೋ ಚಿಲ್ಲರೆಯನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದರು. ಮ್ಯಾನೇಜರು ಎದ್ದು ನಿಂತರು, ಕೂತರು, ಮತ್ತೆ ಎದ್ದು ಅವರಿಗೆ ಕುರ್ಚಿ ತೋರಿಸಿದರು.

ಆಮೇಲೆ ತಿಳಿದದ್ದು ಇಷ್ಟು. ಆಕೆಯ ಯಜಮಾನರು ಯುದ್ಧಕ್ಕೆ ಮುಂಚೆ ಯಾವುದೋ ಯಂತ್ರದ ಕೆಲಸಕ್ಕೆಂದು ಇಲ್ಲಿಗೆ ಬಂದು, ಇಲ್ಲೇ ತೀರಿಕೊಂಡಿದ್ದರು. ಯುದ್ಧದಲ್ಲಿ ವಾಪಸು ಹೋಗಲು ಹಡಗಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಹೋಗಿ ನೋಡಲು ಅಲ್ಲಿ ಯಾರೂ ಉಳಿದಿರಲಿಲ್ಲ. ಈಕೆ ದಂಡಿನ ಶಾಲೆಗಳಲ್ಲಿ, ಚರ್ಚುಗಳಲ್ಲಿ ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕೆಲಸ ಮಾಡುತ್ತ, ಬಾಡಿಗೆ ಕಮ್ಮಿ ಎಂದು ಬಸವನಗುಡಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರ ಮನೆಯ ಹಿಂದಿನ ಔಟ್‌ಹೌಸಿನಲ್ಲಿದ್ದರು. ಹೆಡ್‌ಮಾಸ್ತರು ತಮ್ಮ ಇಂಗ್ಲಿಷಿನ ಬಗ್ಗೆ ಅಭಿಮಾನವುಳ್ಳವರು, ಈಕೆಯೊಡನೆ ಇಂಗ್ಲಿಷ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಹಾಗಾಗಿ ಕನ್ನಡವನ್ನು ಈಕೆ ಕಲಿತದ್ದು ಗಾಂಧಿಬಜಾರಿನ ಸೊಪ್ಪಿನವರಿಂದ. ಕನ್ನಡದಲ್ಲಿ 'ನೀವು' ಎಂಬ ಮಾತೊಂದಿದೆ ಎಂಬುದೇ ಅವರಿಗೆ ಗೊತ್ತಿದ್ದಂತಿರಲಿಲ್ಲ. ಈಗ ಒಂದು ಶಾಲೆಯವರು ಕೈಗೆ ಹಣ ಕೊಡುವುದನ್ನು ನಿಲ್ಲಿಸಿ ಚೆಕ್ಕು ಕೊಡಲು ಶುರುಮಾಡಿದ್ದರು. ಆ ಕಾಗದವನ್ನು ಏನು ಮಾಡಬೇಕೆಂದು ತಿಳಿಯದೆ ನಮ್ಮಲ್ಲಿಗೆ ಬಂದಿದ್ದರು.

ವಿದೇಶಿಯರಿಗೆ ನಮ್ಮ ಬ್ಯಾಂಕು ಅದುವರೆಗೆ ಖಾತೆ ತೆರೆದಿರಲಿಲ್ಲ. ಮ್ಯಾನೇಜರು ನಿಯಮಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಕೂಡದು ಎಂದು ಎಲ್ಲೂ ಇರಲಿಲ್ಲ, ಕೂಡುತ್ತದೆ ಎಂದೂ ಇರಲಿಲ್ಲ. ಕೊನೆಗೆ ಅರ್ಜಿ ತುಂಬಿಸಿಕೊಳ್ಳಲು ನನಗೆ ಹೇಳಿದರು.

ಹೆಸರು ಬರೆಯುವುದಕ್ಕೇ ಕಾಲು ಗಂಟೆ ಹಿಡಿಯಿತು. ನಡುವೆ ಸ್ವರವೇ ಇಲ್ಲದೆ ನಾಲ್ಕು ವ್ಯಂಜನ ಸಾಲಾಗಿ ನಿಂತ ಹೆಸರು ಅದು. ದೇಶ ಯಾವುದು ಎಂದು ಕೇಳಿದಾಗ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅರ್ಜಿಯ ಹಿಂಬದಿಯಲ್ಲಿ ನಕ್ಷೆ ಬರೆದರು. ಒಂದು ನದಿ, ಪಕ್ಕದಲ್ಲಿ ಒಂದು ಚುಕ್ಕಿ. ಆ ಚುಕ್ಕಿ ಅವರ ಊರು. ಅವರು ಹುಟ್ಟಿದಾಗ ಅದು ಒಂದು ದೇಶದಲ್ಲಿತ್ತು, ಮದುವೆಯಾದಾಗ ಇನ್ನೊಂದರಲ್ಲಿ, ಈಗ ಮತ್ತೊಂದರಲ್ಲಿ ಎಂದು ಒಂದರ ಮೇಲೊಂದು ಗೆರೆ ಎಳೆದರು.

"ಊರು ಅಲ್ಲೇ ಐತೆ ಕಣಪ್ಪ. ದೇಶಾನೇ ಓಡಾಡ್ತಾ ಐತೆ."

ಅರ್ಜಿಯಲ್ಲಿ ಆ ಜಾಗ ಬೆರಳಗಲವಿತ್ತು. ಕೊನೆಗೆ ಪೊಲೀಸರು ಅವರಿಗೆ ಕೊಟ್ಟಿದ್ದ ನೋಂದಣಿ ಕಾಗದದಲ್ಲಿ ಏನಿತ್ತೋ ಅದನ್ನೇ ಇಳಿಸಿಕೊಂಡೆ. ಪೊಲೀಸರು ತಪ್ಪು ಬರೆದಿದ್ದಾರೆ ಎಂದು ಆಕೆ ಹೇಳಿದರು. ಪೊಲೀಸರು ಬರೆದದ್ದು ಸಾಕು ಎಂದು ಮ್ಯಾನೇಜರು ಹೇಳಿದರು.

ಮರುದಿನ, ಇವರನ್ನು ತಾವು ಬಲ್ಲೆವೆಂಬ ಪರಿಚಯದ ಸಹಿ ಹಾಕಲು ಆಕೆಯ ಜೊತೆ ಹೆಡ್‌ಮಾಸ್ತರು ಬಂದರು. ಅವರು ನಮ್ಮ ಹಳೆಯ ಖಾತೆದಾರರು, ಹಾಗಾಗಿ ಆ ಭಾಗ ಸುಲಭವೆಂದುಕೊಂಡಿದ್ದೆವು. ಅವರು ಕನ್ನಡಕ ಏರಿಸಿ ಅರ್ಜಿಯನ್ನು ಪೂರ್ತಿ ಓದಿದರು. ಅಚ್ಚಾದ ಸಾಲುಗಳಲ್ಲೇ ಎರಡು ಕಾಗುಣಿತದ ತಪ್ಪು, ಒಂದು ವಿಭಕ್ತಿಯ ತಪ್ಪು ಸಿಕ್ಕಿತು. ಯಾರನ್ನೂ ಕೇಳದೆ ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದು ತಿದ್ದಿದರು. ತಿದ್ದಿದ ಅರ್ಜಿ ಸಿಂಧುವಲ್ಲ ಎಂದು ಮ್ಯಾನೇಜರು ಇನ್ನೊಂದು ಕೊಟ್ಟರು. ತಪ್ಪಿರುವ ಕಾಗದಕ್ಕೆ ತಾವು ಸಹಿ ಹಾಕುವುದು ಹೇಗೆ ಎಂದು ಹೆಡ್‌ಮಾಸ್ತರು ಅದನ್ನೂ ತಿದ್ದಿದರು. ಮೂರನೆಯದನ್ನು ಮ್ಯಾನೇಜರು ತಮ್ಮ ಕೈಯಲ್ಲೇ ಹಿಡಿದು, ಸಹಿಯ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒತ್ತುಕಾಗದದಿಂದ ಮುಚ್ಚಿ ಮುಂದೆ ಚಾಚಿದರು.

ಇನ್ನು ಉಳಿದದ್ದು ಮಾದರಿ ಸಹಿಯ ಕಾರ್ಡು. ಸಹಿಯನ್ನು ಕನ್ನಡದಲ್ಲೇ ಹಾಕುವುದಾಗಿ ಆಕೆ ಹಟ ಹಿಡಿದರು. ತಮ್ಮ ಅಕ್ಷರದಲ್ಲಿ ಬರೆದರೆ ಇಲ್ಲಿ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ, ಕನ್ನಡದಲ್ಲಾದರೆ ಬರೆದದ್ದನ್ನೇ ಓದುತ್ತಾರೆ ಎಂಬುದು ಅವರ ವಾದ. ಅದು ನಿಜವೇ ಆಗಿತ್ತು. ಹೆಡ್‌ಮಾಸ್ತರು ಸಂತೋಷಪಟ್ಟು ಅಲ್ಲೇ ಆ ಹೆಸರನ್ನು ನಾಲ್ಕು ಅಕ್ಷರಕ್ಕಿಳಿಸಿ ದೊಡ್ಡದಾಗಿ ಬರೆದು ತೋರಿಸಿದರು. ಆಕೆ ನಾಲಗೆ ಕಚ್ಚಿಕೊಂಡು ನೋಡಿ ನೋಡಿ ನಕಲು ಮಾಡಿದರು. ಮೊದಲ ಅಕ್ಷರ ಕಾರ್ಡಿನ ನೆತ್ತಿಯಲ್ಲಿ, ಕೊನೆಯದು ಬುಡದಲ್ಲಿ. ಒಂದು ಒತ್ತಕ್ಷರ ಯಾರಿಗೂ ಸೇರದೆ ಪಕ್ಕದಲ್ಲಿ ನಿಂತಿತ್ತು. ಇನ್ನು ಮೇಲೆ ಯಾವಾಗಲೂ ಹೀಗೆಯೇ ಇರಬೇಕು ಎಂದು ಮ್ಯಾನೇಜರು ಎಚ್ಚರಿಸಿದರು. ಆಯಿತು ಎಂದು ಆಕೆ ಹೋದರು.

ಮೂರು ವಾರದ ಮೇಲೆ ಹಣ ತೆಗೆಯಲು ಬಂದರು. ಕ್ಯಾಷಿಯರು ಚೀಟಿಯ ಮೇಲಿನ ಸಹಿಯನ್ನು ಕಾರ್ಡಿನ ಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಅದು ಬೇಕಾಗಿಯೇ ಇರಲಿಲ್ಲ. ನಾಲ್ಕು ಅಕ್ಷರವೂ ಒಂದೇ ಗೆರೆಯ ಮೇಲೆ ಕೂತಿದ್ದವು, ಒತ್ತಕ್ಷರ ತನ್ನ ಜಾಗಕ್ಕೆ ಬಂದಿತ್ತು. ಹೆಡ್‌ಮಾಸ್ತರು ದಿನಾ ಸಂಜೆ ಕಾಪಿ ಪುಸ್ತಕ ಬರೆಸುತ್ತಿದ್ದರಂತೆ. ಸಹಿ ತಾಳೆಯಾಗುವುದಿಲ್ಲ ಎಂದು ಕ್ಯಾಷಿಯರು ಚೀಟಿ ವಾಪಸು ಕೊಟ್ಟರು. ಅವರು ಕೆಟ್ಟವರಲ್ಲ, ಆದರೆ ಮೂವತ್ತು ವರ್ಷದಲ್ಲಿ ತಾಳೆಯಾಗದ ಸಹಿಗೆ ಒಂದು ಕಾಸೂ ಕೊಟ್ಟವರಲ್ಲ.

ಹೊಸ ಕಾರ್ಡು ಮಾಡಿಸಿದೆವು. ಮುಂದಿನ ತಿಂಗಳು ಬಂದಾಗ ಅಕ್ಷರ ದುಂಡಗಾಗಿತ್ತು. ಮತ್ತೊಂದು ಕಾರ್ಡು. ಅದರ ಮುಂದಿನ ಸಲ ಬಾಲ ಎಳೆದು ಬರೆಯುವುದನ್ನು ಕಲಿತಿದ್ದರು.

ಪಾಠವನ್ನು ಕೊಂಚ ದಿನ ನಿಲ್ಲಿಸಿ ಎಂದು ಕೇಳಿಕೊಳ್ಳಲು ಮ್ಯಾನೇಜರು ನನ್ನನ್ನು ಹೆಡ್‌ಮಾಸ್ತರ ಮನೆಗೆ ಕಳಿಸಿದರು. ನಿಲ್ಲಿಸಲಾಗದಿದ್ದರೆ ಹಳೆಯ ಥರವೇ ಬರೆಯಲು ಹೇಳಿಕೊಟ್ಟರೂ ಆದೀತು ಎಂದೂ ಹೇಳಿದ್ದರು. ನಾನು ಅದನ್ನು ಹಾಗೇ ಒಪ್ಪಿಸಿದೆ. ಹೆಡ್‌ಮಾಸ್ತರು ಜಗುಲಿಯಿಂದ ಇಳಿದು ಬಂದರು.

"ನಲವತ್ತು ವರ್ಷ ಪಾಠ ಹೇಳಿದೀನಿ. ಕೆಟ್ಟದಾಗಿ ಬರಿ ಅಂತ ಇದುವರೆಗೂ ಯಾರಿಗೂ ಹೇಳಿಕೊಟ್ಟಿಲ್ಲ. ನಿಮ್ಮ ಮ್ಯಾನೇಜರಿಗೆ ಹೋಗಿ ಹೇಳಿ."

ಆದರೆ ಹಿತ್ತಲಿಂದ ಈ ಮಾತು ಕೇಳಿಸಿಕೊಂಡ ಆಕೆಗೆ ನಮ್ಮ ಮೇಲೆ ಕನಿಕರ ಬಂದಿತು. ಮರುದಿನ ಬ್ಯಾಂಕಿಗೆ ಬಂದು ಕೂತು, ಮೊದಲನೆಯ ಕಾರ್ಡನ್ನು ಎದುರಿಗಿಟ್ಟುಕೊಂಡು, ತಮ್ಮದೇ ಹಳೆಯ ಸಹಿಯನ್ನು ನಕಲು ಮಾಡತೊಡಗಿದರು. ಅಕ್ಷರವನ್ನು ಸೊಟ್ಟ ಮಾಡಿದರು, ಗೆರೆಯಿಂದ ಕೆಳಗಿಳಿಸಿದರು. ಒಂದು ಹಾಳೆ ತುಂಬಿತು, ಎರಡು ತುಂಬಿತು. ಕೈ ಒಮ್ಮೆ ಕಲಿತದ್ದನ್ನು ಮರೆಯಲು ಒಪ್ಪಲಿಲ್ಲ. ಕಳ್ಳಸಹಿ ಹಾಕುವ ಮನುಷ್ಯರನ್ನು ನಾನು ಆಮೇಲೆ ಒಬ್ಬಿಬ್ಬರನ್ನು ನೋಡಿದ್ದೇನೆ, ಯಾರೂ ಅಷ್ಟು ಪ್ರಾಮಾಣಿಕವಾಗಿ ಬೆವರಿರಲಿಲ್ಲ. ಹೆಬ್ಬೆಟ್ಟಿನ ಗುರುತು ಹಾಕಿಬಿಡಿ, ಅದು ಬದಲಾಗುವುದಿಲ್ಲ ಎಂದು ಮ್ಯಾನೇಜರು ಮೆಲ್ಲಗೆ ಸೂಚಿಸಿದರು. ಆಕೆ ತಮ್ಮ ಹೆಬ್ಬೆಟ್ಟನ್ನು ಸ್ವಲ್ಪ ಹೊತ್ತು ನೋಡಿಕೊಂಡರು.

"ಬರೆಯೋಕೆ ಬರುತ್ತೆ ನಂಗೆ," ಎಂದರು. ಮ್ಯಾನೇಜರು ಆಮೇಲೆ ಆ ಮಾತೆತ್ತಲಿಲ್ಲ. ನಾನು ಶಾಯಿಯ ಪ್ಯಾಡನ್ನು ಖಾನೆಯೊಳಗೆ ಸರಿಸಿದೆ.

ಇಷ್ಟರಲ್ಲಿ ಹೆಡ್ಡಾಫೀಸಿನಿಂದ ತನಿಖೆಗೆ ಒಬ್ಬ ಇನ್‌ಸ್ಪೆಕ್ಟರು ಬಂದರು. ಒಂದೇ ಖಾತೆಗೆ ನಾಲ್ಕು ಮಾದರಿ ಕಾರ್ಡು ಕಂಡು ಇದೇನು ಎಂದರು. ಮ್ಯಾನೇಜರು ಎದ್ದು ಅರ್ಜಿಗಳ ಕಡತ ಹುಡುಕತೊಡಗಿದರು. ಅವರ ಅದೃಷ್ಟಕ್ಕೋ ದುರದೃಷ್ಟಕ್ಕೋ ಆಕೆ ಅದೇ ಹೊತ್ತಿಗೆ ಚೀಟಿ ಹಿಡಿದುಕೊಂಡು ಬಂದರು. ಇನ್‌ಸ್ಪೆಕ್ಟರು ನಾಲ್ಕು ಕಾರ್ಡುಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಕ್ಯಾಷಿಯರನ್ನು ಕರೆದರು.

"ಇವರನ್ನ ನೀವು ಗುರುತಿಸ್ತೀರಾ?"

"ಇವರನ್ನ ಗುರುತಿಸ್ತೀನಿ ಸಾರ್. ಸಹೀನ ಗುರುತಿಸಲ್ಲ."

ಇನ್‌ಸ್ಪೆಕ್ಟರು ನಗಲಿಲ್ಲ, ಆದರೆ ಮೀಸೆ ಅಲುಗಿತು. ನಿಯಮಗಳ ಪುಸ್ತಕ ತರಿಸಿ, ಕಾಯಿಲೆಯವರು ಮತ್ತು ಕೈ ನಡುಗುವ ವೃದ್ಧರ ಬಗ್ಗೆ ಇದ್ದ ಪುಟ ತೆಗೆದರು. ಅಂಥವರು ಅಧಿಕಾರಿಯ ಎದುರಿಗೇ ಸಹಿ ಮಾಡಬಹುದು, 'ನನ್ನ ಸಮಕ್ಷಮ' ಎಂದು ಅಧಿಕಾರಿ ಕೆಳಗೆ ಬರೆದರೆ ಸಾಕು ಎಂದಿತ್ತು. ಇವರಿಗೆ ಕಾಯಿಲೆ ಇಲ್ಲವಲ್ಲ ಎಂದು ಮ್ಯಾನೇಜರು ಅನುಮಾನಿಸಿದರು. ಅಕ್ಷರ ಒಳ್ಳೆಯದಾಗುತ್ತ ಹೋಗುವುದಕ್ಕೆ ನಮ್ಮಲ್ಲಿ ಬೇರೆ ನಿಯಮವಿಲ್ಲ, ಸದ್ಯಕ್ಕೆ ಇದರಲ್ಲೇ ಸೇರಿಸಿ ಎಂದು ಇನ್‌ಸ್ಪೆಕ್ಟರು ಹೇಳಿ, ಮೊದಲನೆಯ ಚೀಟಿಗೆ ತಾವೇ ಸಾಕ್ಷಿ ಬರೆದರು. ಕ್ಯಾಷಿಯರು ಆ ಸಾಕ್ಷಿಯ ಸಹಿಯನ್ನು ಹೆಡ್ಡಾಫೀಸಿನ ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆ ಹಣ ಕೊಟ್ಟರು.

ಆ ಸಂಜೆ ಬ್ಯಾಂಕು ಮುಚ್ಚಿದ ಮೇಲೆ ಆಕೆ ಬಾಗಿಲಲ್ಲಿ ಕಾಯುತ್ತಿದ್ದರು. ಗಾಂಧಿಬಜಾರಿನ ಹೋಟೆಲಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ದೋಸೆ ಹೇಳಿದರು. ಗಿರಾಕಿಗಳಿಂದ ಏನನ್ನೂ ಸ್ವೀಕರಿಸಕೂಡದೆಂಬ ನಿಯಮ ಇದ್ದದ್ದರಿಂದ ಮ್ಯಾನೇಜರು ಪಕ್ಕದ ಮೇಜಿನಲ್ಲಿ ಒಬ್ಬರೇ ಕೂತು, ತಮ್ಮ ಕಾಫಿಗೆ ತಾವೇ ಕೊಟ್ಟು ಕುಡಿದರು. ಆದರೆ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡಿದ್ದರು.

ಎರಡು ವರ್ಷದ ಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ನಾನು ಹೊರಡುವವರೆಗೂ ಆ ಖಾತೆ ಹೀಗೆಯೇ 'ಸಮಕ್ಷಮ'ದಲ್ಲಿ ನಡೆಯಿತು. ತಿಂಗಳಿಗೊಮ್ಮೆ ಆಕೆ ಬಂದು ಮ್ಯಾನೇಜರ ಎದುರು ಕೂತು ಸಹಿ ಹಾಕುತ್ತಿದ್ದರು, ಅವರು ಪೇಟ ಸರಿಪಡಿಸಿಕೊಂಡು ಕೆಳಗೆ ಬರೆಯುತ್ತಿದ್ದರು. ಆ ಹೊತ್ತಿನಲ್ಲಿ ಬೇರೆ ಯಾರು ಬಂದರೂ, ಮಂಡಿಯವರೇ ಆಗಲಿ, ಬೆಂಚಿನ ಮೇಲೆ ಕಾಯಬೇಕಿತ್ತು.