ಮೂವತ್ತೊಂದನೇ ಮನೆಯ ಅಳತೆ

ಸೊಪ್ಪಿಗೂ ಟವರಿಗೂ ಏನು ಸಂಬಂಧ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಗೃಹವಿಜ್ಞಾನ ಪಾಠ ಮಾಡುತ್ತಿರುವವಳು ನಾನು. ಮಗಳ ಮದುವೆಯ ಯೋಚನೆ ಮಾಡಬೇಕಾದ ವಯಸ್ಸಿನಲ್ಲಿ ಪಿಎಚ್‌.ಡಿ.ಗೆ ಸೇರಿಕೊಂಡಿದ್ದೇ ಅವರಿಗೊಂದು ತಮಾಷೆ. ಅದರ ಮೇಲೆ ವಿಷಯ ಬೇರೆ ಹೀಗೆ. ಹಳ್ಳಿಯ ಮನೆಗಳಲ್ಲಿ ಸೊಪ್ಪು, ಕಾಳು, ರಾಗಿ ಎಷ್ಟು ತಿನ್ನುತ್ತಾರೆ ಎಂದು ಬರೆದುಕೊಳ್ಳಬೇಕು, ಅದೇ ಮನೆಗಳಲ್ಲಿ ಮೊಬೈಲ್ ಟವರಿನಿಂದ ಬರುವ ವಿದ್ಯುತ್ಕಾಂತೀಯ ಅಲೆ ಎಷ್ಟಿದೆ ಎಂದು ಅಳೆಯಬೇಕು, ಆಮೇಲೆ ಆ ಮನೆಯವರ ನಿದ್ದೆ, ಸುಸ್ತು, ತಲೆನೋವುಗಳ ಜೊತೆ ಎರಡನ್ನೂ ಇಟ್ಟು ನೋಡಬೇಕು.

"ಮೇಡಂ, ಟವರ್ ಕೆಳಗೆ ಬೆಳೆದಿರೋ ದಂಟಿನ ಸೊಪ್ಪು ತಿಂದ್ರೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಾ?" ಎಂದು ಗಣಿತದ ಮೇಷ್ಟರು ದಿನಾ ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಸಂಬಂಧ ಏನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಎರಡು ವಿಭಾಗ ಸೇರಿಸಿದರೆ ಪ್ರಾಜೆಕ್ಟ್ ಬೇಗ ಮಂಜೂರಾಗುತ್ತದೆ ಎಂದು ಬೆಂಗಳೂರಿನ ನನ್ನ ಗೈಡ್ ಹೇಳಿದ್ದರು, ನಾನು ತಲೆಯಾಡಿಸಿದ್ದೆ.

ತಿನ್ನುವ ಲೆಕ್ಕದಲ್ಲೇ ಮೊದಲು ಮುಗ್ಗರಿಸಿದೆ. ಗೌರಿಬಿದನೂರು, ಚಿಂತಾಮಣಿ ಕಡೆ ಹತ್ತು ಮನೆ ಸುತ್ತಿ ಬಂದಾಗ ನನ್ನ ಫಾರಮ್ಮಿನ ತರಕಾರಿ ಕಾಲಂ ಪೂರ್ತಿ ಖಾಲಿ. ನಿನ್ನೆ ಏನು ತರಕಾರಿ ತಿಂದಿರಿ ಎಂದರೆ "ಏನೂ ಇಲ್ಲ, ಬರೀ ಸಾರು" ಎನ್ನುವರು. ಚಿಂತಾಮಣಿ ಆಚೆಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ತೆಲುಗಿನಲ್ಲಿ "ಏಮಿ ತಿಂಟಾಮಮ್ಮಾ, ಸಂಗಟೇ ಕದಾ" ಎಂದುಬಿಟ್ಟರು, ಇನ್ನೇನು ತಿಂತೀವಿ, ಮುದ್ದೆ ತಾನೇ ಎಂದು. ಒಲೆಯ ಮೇಲೆ ನೋಡಿದರೆ ಪಾತ್ರೆ ತುಂಬ ಬೆರಕೆ ಸೊಪ್ಪು ಕುದಿಯುತ್ತಿತ್ತು. ಅದು ಬದುವಿನಲ್ಲಿ ತಾನಾಗಿ ಬೆಳೆದದ್ದು, ಯಾರೂ ಕೊಂಡು ತಂದದ್ದಲ್ಲ. ಕೊಳ್ಳದ್ದನ್ನು ಅವರು ತರಕಾರಿ ಅಂತ ಎಣಿಸುವುದೇ ಇಲ್ಲ. ನಾನೂ ಈ ನೆಲದಲ್ಲೇ ಹುಟ್ಟಿ ಮಸ್ಸೊಪ್ಪು, ಬಸ್ಸಾರು ತಿಂದೇ ಬೆಳೆದವಳು, ಆದರೂ ಬೆಂಗಳೂರಿನಲ್ಲಿ ಯಾರೋ ಟೈಪು ಮಾಡಿದ ಪ್ರಶ್ನೆಯನ್ನು ಹಾಗೇ ಕೇಳಿಕೊಂಡು ಬಂದಿದ್ದೆ. ಹತ್ತೂ ಮನೆಗೆ ಮತ್ತೆ ಹೋದೆ. ಆ ತಪ್ಪನ್ನು ತಿದ್ದಿಕೊಳ್ಳಬಹುದಿತ್ತು, ತಿದ್ದಿಕೊಂಡೆ.

ಮೂವತ್ತೊಂದನೇ ಮನೆ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ರೇಷ್ಮೆ ಹುಳು ಸಾಕುವ ಮನೆ. ಮುಂದೆ ವಾಸದ ಮನೆ, ಹಿಂದೆ ಹುಳು ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಮನೆಯಾಕೆಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಪಕ್ಕದ ಮನೆ ಅವರ ಗಂಡನ ಅಣ್ಣನದು, ಮಧ್ಯೆ ಎದೆಮಟ್ಟದ ಗೋಡೆ. ಆ ಪಕ್ಕದ ಮನೆಯ ಮಾಳಿಗೆಯ ಮೇಲೆ ಟವರು ನಿಂತಿತ್ತು.

ನಾನು ಬ್ಯಾಗಿನಿಂದ ಮೀಟರು ತೆಗೆಯುವ ಮೊದಲೇ ಆಕೆ ಶುರು ಮಾಡಿದರು. "ಆ ಟವರ್ ನೆಟ್ಟ ಮೇಲೆ ಎರಡು ಬೆಳೆ ಹೋಯ್ತು ಮೇಡಮ್ಮೋರೆ. ನಾಲ್ಕನೇ ಜ್ವರ ಎದ್ದು ಇನ್ನೇನು ಗೂಡು ಕಟ್ಬೇಕು, ಅಷ್ಟರಲ್ಲಿ ಹಾಲುತೊಂಡೆ ಬಂದು ತಟ್ಟೆ ತಟ್ಟೆನೇ ತಿಪ್ಪೆಗೆ ಸುರಿದ್ವಿ. ನಮ್ಮಕ್ಕಂಗೆ ಹೇಳಿದ್ರೆ ಬಾಡಿಗೆ ಬರೋದು ನೋಡಿ ಹೊಟ್ಟೆಯುರಿ ಅಂದ್ಳು. ಅವತ್ತಿಂದ ಮಾತಿಲ್ಲ."

ಅಕ್ಕ ಎಂದರೆ ವಾರಗಿತ್ತಿ. ಹಾಲುತೊಂಡೆ ಎಂದರೆ ಹುಳು ಊದಿ ಹಾಲಿನಂಥ ರಸ ಸುರಿಸಿ ಸಾಯುವ ರೋಗ. ಜ್ವರ ಎಂದರೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗುತ್ತದೆ, ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ದಿನ ಒಂದು ಮನೆಯವರ ಕೈ ಸಾಲದು. ಹದಿನೆಂಟು ವರ್ಷ ಎರಡೂ ಮನೆಯ ಹೆಂಗಸರು ಒಬ್ಬರ ಹುಳುವನ್ನು ಇನ್ನೊಬ್ಬರು ಆಯ್ದುಕೊಟ್ಟವರು. ಈಗ ಗೋಡೆಯ ಎರಡೂ ಕಡೆ ಕೂಲಿಯವರು ಬರುತ್ತಿದ್ದರು.

"ನೀವು ಅಳೆದು ಬರೆದುಕೊಡಿ. ಅದರಿಂದ್ಲೇ ಅಂತ ಇದ್ರೆ ಇದೆ ಅನ್ನಿ, ಇಲ್ಲ ಅಂದ್ರೆ ನಾನೇ ಹೋಗಿ ಅಕ್ಕನ ಕಾಲು ಹಿಡ್ಕೋತೀನಿ. ಎರಡ್ರಲ್ಲಿ ಒಂದು ಗೊತ್ತಾಗ್ಬೇಕು ನಂಗೆ" ಎಂದರು.

ನನ್ನ ಪ್ರಾಜೆಕ್ಟು ಮನುಷ್ಯರದ್ದು, ಹುಳುವಿನದ್ದಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಮನೆ ಸುತ್ತಿದ ಮೇಲೆ ನನ್ನ ಅಳತೆಯನ್ನು ಬೇಕು ಎಂದು ಕೇಳಿದ ಮೊದಲನೆಯವರು ಅವರು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮೀಟರು ಟಿಫನ್ ಡಬ್ಬಿಯಷ್ಟು ದೊಡ್ಡದು. ಮನೆಯವರು ಹೆಚ್ಚು ಹೊತ್ತು ಇರುವ ಜಾಗದಲ್ಲಿ ಒಂದು ಹಗಲು, ಒಂದು ರಾತ್ರಿ ಇಟ್ಟರೆ ತಾನೇ ಬರೆದುಕೊಳ್ಳುತ್ತದೆ. ಬೇರೆ ಮನೆಗಳಲ್ಲಿ ನಾನೇ ಒಳಗೆ ಹೋಗಿ ಇಟ್ಟು ಬರುತ್ತಿದ್ದೆ. ಇಲ್ಲಿ ಹುಳು ಎರಡನೇ ಜ್ವರಕ್ಕೆ ಕೂತಿತ್ತು. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿತ್ತು. ಹುಳು ಇರುವ ಮನೆಯೊಳಕ್ಕೆ ಹೊರಗಿನವರು ಕಾಲಿಡುವುದಿಲ್ಲ. ಕರೆಯುವುದಕ್ಕೆ ಅವರಿಗೆ ಭಯ, ಬರಬೇಡಿ ಎನ್ನಲು ದಾಕ್ಷಿಣ್ಯ. ನಾನೇ ಅರ್ಥ ಮಾಡಿಕೊಂಡು ಜಗಲಿಯಲ್ಲಿ ಕೂತೆ. ಮೀಟರನ್ನು ಅವರ ಕೈಗೆ ಕೊಟ್ಟು, ನೀವು ಜಾಸ್ತಿ ಹೊತ್ತು ಇರೋ ಕಡೆ ಇಡಿ ಎಂದು ಒಂದು ಸಲ ಹೇಳಿದೆ. ಹುಷಾರು, ಬಹಳ ಬೆಲೆಯದು, ಯೂನಿವರ್ಸಿಟಿದು, ಏನಾದರೂ ಆದರೆ ನನ್ನ ತಲೆಗೆ ಬರುತ್ತೆ ಎಂದು ನಾಲ್ಕು ಸಲ ಹೇಳಿದೆ.

ಮರುದಿನ ಹೋದಾಗ ಅರಿಶಿನದ ಕೈಯಲ್ಲಿ ಮೀಟರನ್ನು ಎತ್ತಿಕೊಂಡು ಬಂದು ಜಗಲಿಯಲ್ಲೇ ಕೊಟ್ಟರು. ಹೊರಡುವಾಗ ಬದುವಿಗೆ ಹೋಗಿ ಅಣ್ಣೆ ಸೊಪ್ಪು, ಹೊನಗೊನೆ, ಎಳೇ ದಂಟು ಕಿತ್ತು ಸೆರಗಿನಲ್ಲಿ ತಂದು ನನ್ನ ಬ್ಯಾಗಿಗೆ ತುಂಬಿದರು. ಮನೆಯಲ್ಲಿ ಅದರ ಬಸ್ಸಾರು ಮಾಡಿದೆ. ಇಷ್ಟು ಚೆನ್ನಾಗಿ ನನ್ನ ಕೈಯಲ್ಲಿ ಎಂದೂ ಆಗಿರಲಿಲ್ಲ. ಫೋನು ಮಾಡಿ "ಅದು ನಿಮ್ಮ ಕೈಗುಣ ಕಣಮ್ಮ" ಎಂದಾಗ ಆಕೆ ಚಿಕ್ಕ ಹುಡುಗಿಯಂತೆ ನಕ್ಕಿದ್ದರು.

ಮೀಟರನ್ನು ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಗೆರೆ ನೆಲಕ್ಕೆ ಅಂಟಿಕೊಂಡಂತೆ ಮಲಗಿತ್ತು. ನಾನು ಅಳೆದ ಎಲ್ಲ ಮನೆಗಳಿಗಿಂತ ಕಡಿಮೆ. ಟವರಿಲ್ಲದ ಊರಿನಲ್ಲೂ ಅಷ್ಟು ಕಡಿಮೆ ಬಂದಿರಲಿಲ್ಲ. ಗೈಡಿಗೆ ಹೇಳಿದೆ. "ಟವರಿನ ಬುಡದಲ್ಲಿ ಕಡಿಮೆ ಇರೋದುಂಟು, ಅಲೆ ಎದುರಿಗೆ ಹೋಗುತ್ತೆ, ಕೆಳಕ್ಕೆ ಬೀಳೋದು ಕಡಿಮೆ" ಎಂದರು. ಓದಿದವರು ಹೇಳಿದ ಮೇಲೆ ನನಗೂ ಸರಿ ಎನಿಸಿತು. ಪ್ರತಿ ಮನೆಗೂ ಒಂದು ಹಾಳೆಯ ವರದಿ ಕೊಡುವ ನಿಯಮವಿತ್ತು. ಮೂವತ್ತೊಂದನೇ ಮನೆಯ ಹಾಳೆಯಲ್ಲಿ "ಮಿತಿಗಿಂತ ಬಹಳ ಕಡಿಮೆ" ಎಂದಿತ್ತು. ಅದರ ಕೆಳಗೆ "ಚಿಂತೆಗೆ ಕಾರಣವಿಲ್ಲ" ಎಂದು ನಾನಾಗಿಯೇ ಒಂದು ಸಾಲು ಸೇರಿಸಿದೆ. ಅದನ್ನು ಸೇರಿಸು ಎಂದು ಯಾರೂ ಹೇಳಿರಲಿಲ್ಲ.

ಆಕೆ ಹಾಳೆಯನ್ನು ನಿಧಾನವಾಗಿ ಓದಿ ಒಂದೇ ಪ್ರಶ್ನೆ ಕೇಳಿದರು. "ಈ ಮಿತಿ ಅಂದ್ರೆ ಮನುಷ್ಯರಿಗಾ, ಹುಳೀಗಾ?"

"ಮನುಷ್ಯರಿಗೆ" ಎಂದೆ.

"ಹುಳೀಗೆ ಎಷ್ಟು?"

"ಅದು ನಂಗೆ ಗೊತ್ತಿಲ್ಲ ಕಣಮ್ಮ. ಆದ್ರೆ ಇಲ್ಲಿ ಇರೋದೇ ಇಲ್ಲ ಅನ್ನೋಷ್ಟು ಕಡಿಮೆ ಇದೆ."

ಇರೋದೇ ಇಲ್ಲ ಎಂಬ ಮಾತು ಅವರಿಗೆ ಸಾಕಾಯಿತು. ಹಾಳೆಯನ್ನು ಮಡಿಸಿ ಹಿಡಿದುಕೊಂಡು, ನಾನು ಜಗಲಿಯಲ್ಲಿ ನೋಡುತ್ತಿದ್ದಂತೆಯೇ ಗೋಡೆ ಬಳಸಿ ಪಕ್ಕದ ಮನೆಯ ಬಾಗಿಲಿಗೆ ಹೋದರು. ಒಳಗೆ ಏನು ಮಾತಾಯಿತೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ವಾರಗಿತ್ತಿ ಕಣ್ಣೊರೆಸಿಕೊಳ್ಳುತ್ತಾ "ಮೇಡಂ, ಕಾಫಿ ಕುಡ್ಕೊಂಡು ಹೋಗಿ" ಎಂದರು. ಬಸ್ಸಿನಲ್ಲಿ ಊರಿಗೆ ಬರುವಾಗ, ನನ್ನ ಸಂಶೋಧನೆಯಿಂದ ಒಂದು ಮನೆಯಾದರೂ ನೆಟ್ಟಗಾಯಿತಲ್ಲ ಎಂದು ಬೀಗಿಕೊಂಡು ಬಂದೆ. ಗಣಿತದ ಮೇಷ್ಟರಿಗೂ ಹೇಳಿದೆ.

ಮೂರು ತಿಂಗಳ ಮೇಲೆ ಆಹಾರದ ಎರಡನೇ ಸುತ್ತಿನ ಲೆಕ್ಕಕ್ಕೆ ಹೋದೆ. ಹೊಸ್ತಿಲಲ್ಲಿ ಸುಣ್ಣವಿರಲಿಲ್ಲ. "ಒಳಗೇ ಬನ್ನಿ ಮೇಡಮ್ಮೋರೆ, ಈಗ ಹುಳ ಇಲ್ಲ" ಎಂದು ಆಕೆ ಕರೆದರು. ಮತ್ತೊಂದು ಬೆಳೆಯೂ ಹಾಗೇ ಹೋಗಿತ್ತು. ಮುಂದಿನ ಬೆಳೆಯ ಚಾಕಿಯನ್ನು, ಎಂದರೆ ಎಳೇ ಹುಳುವನ್ನು, ವಾರಗಿತ್ತಿಯ ಹುಳು ಮನೆಯಲ್ಲೇ ಬಿಟ್ಟಿದ್ದಾರಂತೆ. ಮೇವು ಹಾಕುವುದೂ ಅವರೇ, ಕಸ ತೆಗೆಯುವುದೂ ಅವರೇ. ಈಕೆ ಹಿಪ್ಪುನೇರಳೆ ತೋಟಕ್ಕೂ ಹೋಗುವುದಿಲ್ಲ.

"ಯಾಕಮ್ಮಾ?" ಎಂದೆ.

"ಟವರಲ್ಲಿ ಏನೂ ಇಲ್ಲ ಅಂತ ನೀವೇ ಬರೆದುಕೊಟ್ರಲ್ಲ. ಇಬ್ರಿಗೂ ಮೊಟ್ಟೆ ಅದೇ, ಸೊಪ್ಪು ಅದೇ. ಅಕ್ಕನ ಹುಳ ಚೆನ್ನಾಗಿದ್ವು, ನನ್ನವೇ ಹೋದ್ವು. ಇನ್ನೇನು ಉಳೀತು ಹೇಳಿ? ನನ್ನ ಕೈಗುಣನೇ ಸರಿಯಿಲ್ಲ." ಹುಳುವಿನ ತಟ್ಟೆಯನ್ನಾಗಲಿ ಎಲೆಯನ್ನಾಗಲಿ ಮುಟ್ಟುವುದನ್ನೇ ಬಿಟ್ಟಿದ್ದೇನೆ ಎಂದು, ಊಟ ಆಯಿತಾ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದರು.

ಬಿಸಿಲಿರಬಹುದು, ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಈ ಕಡೆಯ ಎಲೆಗೆ ಬಿದ್ದಿರಬಹುದು, ಟವರೇ ಇರಬಹುದು, ಏನೂ ಅಲ್ಲದಿರಬಹುದು. ಮನುಷ್ಯರು ತಿಂದ ಒಂದೊಂದು ತುತ್ತಿಗೂ ನನ್ನ ಫಾರಮ್ಮಿನಲ್ಲಿ ಕಾಲಂ ಇತ್ತು. ಹುಳು ಏನು ತಿಂದಿತು ಎಂದು ಕೇಳಲು ಒಂದು ಸಾಲೂ ಇರಲಿಲ್ಲ.

ಮೊದಲ ಸಲ ಒಳಗೆ ಬಂದಿದ್ದೀರ, ಕುಂಕುಮ ಇಟ್ಟುಕೊಂಡು ಹೋಗಿ ಎಂದು ರವಿಕೆ ಬಟ್ಟೆ ತೆಗೆಯಲು ಆಕೆ ಕಬ್ಬಿಣದ ಬೀರು ತೆರೆದರು. ಕೆಳಗಿನ ಅರೆಯಲ್ಲಿ ಧಾರೆ ಸೀರೆ, ಜಮೀನಿನ ಪತ್ರಗಳು, ನನ್ನ ವರದಿಯ ಹಾಳೆ. "ನಿಮ್ಮ ಮಿಷನ್ನೂ ಇಲ್ಲೇ ಇಟ್ಟಿದ್ದೆ ನೋಡಿ" ಎಂದರು. "ಧಾರೆ ಸೀರೇಲಿ ಸುತ್ತಿ, ಬೀಗ ಹಾಕಿ, ಕೀ ಸೊಂಟಕ್ಕೆ ಸಿಗಿಸ್ಕೊಂಡಿದ್ದೆ. ನೀವು ಅಷ್ಟು ಸಲ ಹುಷಾರು ಅಂದಿದ್ರಲ್ಲ. ಬೆಳಗ್ಗೆ ನೀವು ಬರೋ ತನಕ ತೆಗೀಲಿಲ್ಲ."

ಅಲೆ ಕಬ್ಬಿಣದೊಳಕ್ಕೆ ಸರಿಯಾಗಿ ಹೋಗುವುದಿಲ್ಲ. ಆ ಹಗಲು ರಾತ್ರಿ ನನ್ನ ಮೀಟರು ಅಳೆದದ್ದು ಬೀರುವಿನ ಒಳಗನ್ನು. ಅವರ ಮನೆಯನ್ನೂ ಅಳೆಯಲಿಲ್ಲ, ಹುಳು ಮನೆಯನ್ನೂ ಅಳೆಯಲಿಲ್ಲ. ಗೆರೆ ನೆಲಕ್ಕೆ ಅಂಟಿದ್ದು ಅದಕ್ಕೇ.

ಹೇಳಿದೆ. ಮುಚ್ಚಿಡಲಿಲ್ಲ. ತಪ್ಪು ನಂದು, ಆ ಹಾಳೆ ಲೆಕ್ಕಕ್ಕಿಲ್ಲ, ನಿಮ್ಮ ಕೈಯಲ್ಲಿ ಏನೂ ದೋಷವಿಲ್ಲ, ಟವರು ಹೌದೋ ಅಲ್ಲವೋ ಅಂತ ಈಗಲೂ ಯಾರಿಗೂ ಗೊತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನಂಬಿದಂತೆ ಕಾಣಲಿಲ್ಲ. ಪಾಠ ಮಾಡುವ ಚಾಳಿ ನನ್ನನ್ನು ಬಿಡಬೇಕಲ್ಲ. ನನ್ನ ಫೋನನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ. "ಈಗ ನಿಮ್ಮ ಫೋನಿಂದ ನನಗೆ ಮಾಡಿ. ಒಳಗೆ ಸಿಗ್ನಲ್ ಹೋಗಲ್ಲ, ನೋಡಿ" ಎಂದೆ.

ಆಕೆ ಮಾಡಿದರು. ಬೀರುವಿನೊಳಗಿಂದ ನನ್ನ ಫೋನು ಜೋರಾಗಿ ಹೊಡೆದುಕೊಂಡಿತು.

ಟವರು ಅಷ್ಟು ಹತ್ತಿರ ಇದ್ದರೆ ಬಾಗಿಲ ಸಂದಿಯಿಂದ ನುಸುಳಿದ ಒಂದು ಚೂರು ಅಲೆಯೂ ಫೋನಿಗೆ ಸಾಕು, ಹೊರಗೆ ಎಷ್ಟಿದೆ ಎಂದು ಅಳೆಯುವುದು ಬೇರೆ ಮಾತು. ಇದನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸಬಹುದು. ಬೀರು ರಿಂಗಾಗುತ್ತಿರುವಾಗ ವಿವರಿಸುವುದು ಹೇಗೆ? ಆಕೆ ನಕ್ಕುಬಿಟ್ಟರು, ಬಹಳ ದಿನದ ಮೇಲೆ ನಕ್ಕವರಂತೆ. ಆಮೇಲೆ ನನ್ನ ಭುಜ ಸವರಿದರು.

"ಬಿಡಿ ಮೇಡಮ್ಮೋರೆ. ನನ್ನ ಸಮಾಧಾನಕ್ಕೆ ಹೇಳ್ತಾ ಇದೀರ ಅಂತ ನಂಗೊತ್ತಾಗಲ್ವಾ? ಒಳ್ಳೆಯವರು ನೀವು."

ಒಳ್ಳೆಯವಳು ಎಂಬ ಮಾತು ಕೇಳಿ ನನಗೆ ಅಳು ಬಂತು. ಹಿತ್ತಿಲಿಗೆ ಹೋಗಿ ಗೈಡಿಗೆ ಫೋನು ಮಾಡಿ, ಮೀಟರು ಒಂದು ದಿನಕ್ಕೆ ಬೇಕು ಸಾರ್, ಮತ್ತೆ ಅಳೆಯಬೇಕು ಎಂದೆ. ಪ್ರಾಜೆಕ್ಟಿನಲ್ಲಿ ಅಳತೆಯ ಅವಧಿ ಮುಗಿದಿದೆ, ಮೀಟರು ರಾಯಚೂರಿನ ಕಡೆ ಇನ್ನೊಬ್ಬ ವಿದ್ಯಾರ್ಥಿಯ ಹತ್ತಿರ ಇದೆ ಎಂದರು. "ಅದೊಂದು ಮನೆ ತೆಗೆದುಹಾಕಿಬಿಡಿ, ಫಲಿತಾಂಶಕ್ಕೇನೂ ವ್ಯತ್ಯಾಸ ಆಗಲ್ಲ" ಎಂದು ಸಮಾಧಾನ ಹೇಳಿದರು. ಅವರು ಹೇಳಿದ್ದು ಸರಿ. ನನ್ನ ಕೋಷ್ಟಕದಲ್ಲಿ ಈಗ ಮೂವತ್ತರ ನಂತರ ಮೂವತ್ತೆರಡನೇ ಮನೆ ಬರುತ್ತದೆ, ಫಲಿತಾಂಶ ಒಂದಿಷ್ಟೂ ಅಲುಗಿಲ್ಲ.

ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಆಕೆ ಗೋಡೆಯ ಹತ್ತಿರ ಹೋಗಿ ಕೂಗಿದರು. "ಅಕ್ಕಾ, ಮೇಡಮ್ಮೋರು ಹೊರಟ್ರು. ಒಂದು ಹಿಡಿ ಸೊಪ್ಪು ಕಿತ್ಕೊಡಕ್ಕಾ." ವಾರಗಿತ್ತಿ ಬದುವಿಗಿಳಿದು ಕಿತ್ತು ತಂದರು, ನನ್ನ ಬ್ಯಾಗಿನೊಳಕ್ಕೂ ಅವರೇ ಹಾಕಿದರು. ಈಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಂದು ಹೆಜ್ಜೆ ದೂರವೇ ನಿಂತಿದ್ದರು.

"ನಾನು ಮುಟ್ಟಿಲ್ಲ ಮೇಡಮ್ಮೋರೆ, ಎಲ್ಲಾ ಅಕ್ಕನೇ ಕಿತ್ತಿದ್ದು" ಎಂದರು. "ಧೈರ್ಯವಾಗಿ ಸಾರು ಮಾಡ್ಕೊಳಿ."